ಓಗೊಟ್ಟವರು

ಲಿಫ್ಟ್ ರಿಪೇರಿ ಇಬ್ಬರ ಕೆಲಸ. ಒಬ್ಬ ಕಟ್ಟಡದ ನೆತ್ತಿಯ ಮೇಲಿನ ಮೋಟರಿನ ಕೋಣೆಯಲ್ಲಿರುತ್ತಾನೆ, ಇನ್ನೊಬ್ಬ ಕಟ್ಟಡದ ಬುಡದಲ್ಲಿ, ಲಿಫ್ಟು ಬಂದು ಕೂರುವ ಗುಂಡಿಯಲ್ಲಿ. ನಡುವೆ ಏಳೋ ಎಂಟೋ ಮಹಡಿಗಳ ಕತ್ತಲು. ಹಾಗಾಗಿ ಈ ಕಸುಬಿನವರಿಗೆ ಒಂದು ಕಟ್ಟಳೆ ಇದೆ. ಕೆಳಗಿನವನು ಗುಂಡಿಗೆ ಕಾಲಿಡುವ ಮುಂಚೆ ಕತ್ತೆತ್ತಿ “ಇಳೀತಿದ್ದೀನಿ!” ಎಂದು ಕೂಗಬೇಕು. ಮೇಲಿನವನು ಸ್ವಿಚ್ಚಿನಿಂದ ಕೈ ತೆಗೆದು “ಓ!” ಅನ್ನಬೇಕು. ಓ ಕೇಳಿಸದ ಹೊರತು ಇಳಿಯಬಾರದು.

ಮೌನಿಗೆ ಕೂಗುವುದೊಂದು ಬಿಟ್ಟು ಮಿಕ್ಕ ಕೆಲಸವೆಲ್ಲ ಬರುತ್ತಿತ್ತು. ಮೌನಿ ಎಂಬುದು ಜೊತೆಗಾರ ಇಟ್ಟ ಹೆಸರು. ಆ ಜೊತೆಗಾರನಿಗೆ ಊರಿನವರು ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ವ್ಯಾನಿನ ಬಾಗಿಲು ತೆಗೆದಾಗ ಶುರುವಾದ ಬಾಯಿ ಸಂಜೆ ಅದೇ ಬಾಗಿಲು ಹಾಕುವಾಗ ನಿಲ್ಲುತ್ತಿತ್ತು. ಐವತ್ತು ದಾಟಿದ ಮನುಷ್ಯ. ತಲೆಯ ಮೇಲೆ ಕೂದಲಿಲ್ಲ, ನಾಲಿಗೆಗೆ ಎಲುಬಿಲ್ಲ.

“ಲೋ, ನಿನ್ನ ಬಾಯಿಗೇನು ಬಾಡಿಗೆ ಕಟ್ಟಬೇಕಾ? ಒಂದ್ಸಲ ಕೂಗಿದ್ರೆ ಏನು ಗಂಟು ಹೋಗತ್ತೆ ನಿಂದು?”

“ಬಗ್ಗಿ ನೋಡಿದ್ರೆ ಟಾರ್ಚ್ ಕಾಣತ್ತಲ್ಲಣ್ಣ.”

“ನಿನ್ನ ಟಾರ್ಚ್ ನೋಡ್ಕೊಂಡು ಕೂರಕ್ಕೆ ನೀನೇನು ನಕ್ಷತ್ರಾನಾ?”

ಮೌನಿ ನಗುತ್ತಿದ್ದ, ನಾಳೆಯಿಂದ ಕೂಗ್ತೀನಿ ಅನ್ನುತ್ತಿದ್ದ. ಮರುದಿನ ಗುಂಡಿಯ ಅಂಚಿಗೆ ನಿಂತು ಬಾಯಿ ತೆರೆದರೆ ಗಂಟಲಲ್ಲಿ ಏನೋ ಅಡ್ಡ ಬರುತ್ತಿತ್ತು. ಅಡ್ಡ ಬರುತ್ತಿದ್ದುದು ಅವನ ಅಪ್ಪನ ಮನೆ.

ಆ ಮನೆ ಸಭೆಗೆ ಸೇರಿದ ಮನೆ. ಸಭೆ ಎಂದರೆ ಇನ್ನೂರು ಮುನ್ನೂರು ಕುಟುಂಬ. ಬಿಳಿ ಗೋಡೆಯ ಒಂದು ಹಾಲ್, ಬೆನ್ನಿಲ್ಲದ ಬೆಂಚುಗಳು, ವಿಗ್ರಹವಿಲ್ಲ, ಹಾಡಿಲ್ಲ. ಅವರ ಮೊದಲ ನೇಮ ಬೇಡಬಾರದು ಎಂಬುದು. ದೇವರಿಗೆ ನಿನ್ನ ಅಗತ್ಯ ಗೊತ್ತಿದೆ. ಕೇಳಿದೆಯಾದರೆ ಅವನಿಗೆ ಗೊತ್ತಿಲ್ಲ ಅಂದ ಹಾಗಾಯಿತು, ಅದಕ್ಕಿಂತ ಅವಿಶ್ವಾಸ ಇನ್ನೊಂದಿಲ್ಲ. ದೇವರನ್ನು ಬೇಡದವರು ಮನುಷ್ಯರನ್ನು ಬೇಡುತ್ತಾರೆಯೇ? ಊಟಕ್ಕೆ ಕೂತಾಗ ಉಪ್ಪು ಕೊಡಿ ಅನ್ನುವ ಹಾಗಿರಲಿಲ್ಲ. ಉಪ್ಪಿಗಾಗಿ ಕಾಯಬೇಕು, ಎದುರಿಗಿರುವವರು ಗಮನಿಸಿ ಕೊಡಬೇಕು. ಹೇಳಿದರೆ ನಗಬಹುದು, ಆದರೆ ಆ ಮನೆಯಲ್ಲಿ ಯಾರ ಲೋಟವೂ ಬರಿದಾಗಿ ನಿಂತದ್ದಿಲ್ಲ. ಅಪ್ಪನ ಕಣ್ಣು ಸದಾ ಉಳಿದವರ ತಟ್ಟೆಯ ಮೇಲೆ. ಗಡಿಯಾರ ರಿಪೇರಿ ಮಾಡುತ್ತಿದ್ದ ಅವರಿಗೆ ಸಣ್ಣದನ್ನು ನೋಡುವ ಕಣ್ಣೂ ಇತ್ತು, ಸಣ್ಣದನ್ನು ಕೇಳಿಸಿಕೊಳ್ಳುವ ಕಿವಿಯೂ ಇತ್ತು.

ಮೌನಿಗೆ ಹತ್ತೊಂಬತ್ತಾದಾಗ ಅಮ್ಮ ಹಾಸಿಗೆ ಹಿಡಿದರು. ವೈದ್ಯರು ಕೈಚೆಲ್ಲಿದರು. ಸಭೆಯವರು ದಿನಾ ಬಂದು ಅಮ್ಮನ ಮಂಚದ ಸುತ್ತ ತಲೆ ತಗ್ಗಿಸಿ ಕೂತರು, ಸಂದ ಬದುಕಿಗೆ ಕೃತಜ್ಞತೆ ಹೇಳಿದರು, ಎದ್ದು ಹೋದರು. ಅಮ್ಮ ಉಳಿಯಲಿ ಎಂದು ಒಬ್ಬರೂ ಅನ್ನಲಿಲ್ಲ. ವಾರದ ಸಭೆಯಲ್ಲಿ ಮೌನಿ ಎದ್ದು ನಿಂತು ಕೂಗಿದ: “ನಮ್ಮಮ್ಮನ್ನ ಉಳಿಸು! ಕೇಳ್ತಾ ಇದ್ದೀನಿ, ಉಳಿಸು!” ಮುಂದಿನ ಬೆಂಚಿನಲ್ಲಿದ್ದ ಅಪ್ಪ ತಿರುಗಿ ನೋಡಲಿಲ್ಲ. ಮೂರನೆಯ ದಿನ ಅಮ್ಮ ಹೋದರು. ನಾಲ್ಕನೆಯ ದಿನ ಮೌನಿ, ಒಂದು ಚೀಲ ಬಟ್ಟೆ ತುಂಬಿಕೊಂಡು, ಮನೆಯನ್ನೂ ಸಭೆಯನ್ನೂ ದೇವರನ್ನೂ ಒಟ್ಟಿಗೇ ಬಿಟ್ಟ.

ಸಭೆಯ ಎರಡನೆಯ ನೇಮ: ಬಿಟ್ಟುಹೋದವರಿಗೆ ಓಗೊಡಬಾರದು. ಅವರು ಎದುರಿಗೆ ಬರಬಹುದು, ಕೂರಬಹುದು, ಮಾತಾಡಬಹುದು. ಮರುಮಾತು ಮಾತ್ರ ಇಲ್ಲ. ಒಂಬತ್ತು ವರ್ಷದಲ್ಲಿ ಅವನು ಎಷ್ಟೋ ಸಲ ರಸ್ತೆಯಲ್ಲಿ “ಅಪ್ಪಾ” ಅಂದಿದ್ದ. ಅಪ್ಪನ ಹೆಜ್ಜೆ ಅರೆಗಳಿಗೆ ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು, ಅಷ್ಟೇ.

ಅಕ್ಕ ಮಾತ್ರ ಒಂದು ದಾರಿ ಹುಡುಕಿಕೊಂಡಿದ್ದಳು. ಅವಳದು ಬಟ್ಟೆ ಹೊಲಿಯುವ ಅಂಗಡಿ. ತಮ್ಮ ಬಂದು ಸ್ಟೂಲಿನ ಮೇಲೆ ಕೂತರೆ ಅವಳು ಹೊಲಿಗೆ ಮಿಷನ್ನಿನ ಜೊತೆ ಮಾತಾಡುತ್ತಿದ್ದಳು.

“ಮಿಷನ್ನೇ, ಅಪ್ಪನ ಕಣ್ಣಿನ ಆಪರೇಷನ್ ಆಯ್ತು. ಕಪ್ಪು ಕನ್ನಡಕ ಹಾಕ್ಕೊಂಡು ಪತ್ತೇದಾರನ ತರ ಓಡಾಡ್ತಿದ್ದಾರೆ. ಮಿಷನ್ನೇ, ಕೆಲವರು ತೀರಾ ಸೊರಗಿದ್ದಾರೆ, ಹೊತ್ತಿಗೆ ಸರಿಯಾಗಿ ತಿಂದ್ರೆ ಅವರಪ್ಪನ ಗಂಟೇನೂ ಹೋಗಲ್ಲ.”

ಮಿಷನ್ನು ಕಟಕಟ ಅನ್ನುತ್ತಿತ್ತು. ತಮ್ಮ ನಗುತ್ತಿದ್ದ.

ಆ ಮಂಗಳವಾರ ಅವರು ಹೋದದ್ದು ಒಂದು ಹಳೆಯ ಕಚೇರಿಯ ಕಟ್ಟಡಕ್ಕೆ. ಅಲ್ಲಿಯ ಗುಂಡಿ ಸೊಂಟದಷ್ಟೂ ಆಳವಿಲ್ಲ. ಗುಂಡಿಯೊಳಗೆ ಇರಬೇಕಾದ, ಲಿಫ್ಟು ನಿಲ್ಲಿಸುವ ಕೆಂಪು ಸ್ವಿಚ್ಚು ತುಕ್ಕು ಹಿಡಿದು ಎಂದೋ ಕಳಚಿಬಿದ್ದಿತ್ತು. ಬಾಗಿಲು ತೆರೆದಿದ್ದರೂ ಲಿಫ್ಟು ಓಡುವ ಹಾಗೆ ರೇಡಿಯೋ ಮೋಟರಿನ ಕೋಣೆಯಲ್ಲಿ ತಂತಿ ಸೇರಿಸಿ ಪರೀಕ್ಷೆ ಮಾಡುತ್ತಿದ್ದ. ಮೌನಿ ಅಂಚಿನಲ್ಲಿ ನಿಂತ, ಬಾಯಿ ತೆರೆದ, ಮುಚ್ಚಿದ, ಇಳಿದ.

ಬಗ್ಗಿ ಗುಂಡಿಯ ತಳದ ಸ್ಪ್ರಿಂಗಿನ ಬೋಲ್ಟು ತಿರುಗಿಸುತ್ತಿದ್ದಾಗ ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು. ಲಿಫ್ಟಿನ ಪೆಟ್ಟಿಗೆ ಬರುವ ಮುಂಚೆ ಅದರ ಗಾಳಿ ಬರುತ್ತದೆ. ಎದ್ದು ಹಾರುವಷ್ಟು ಹೊತ್ತಿರಲಿಲ್ಲ. ಅಂಗಾತ ಬಿದ್ದ. ಟಾರ್ಚು ಉರುಳಿ ಆರಿತು. ಎಣ್ಣೆ ಹತ್ತಿದ ಕಬ್ಬಿಣದ ಅಡಿ ಮೂಗಿನ ಮುಂದೆ ಬಂತು, ಎದೆಗೆ ತಾಗಿತು, ನಿಲ್ಲಲಿಲ್ಲ. ಒಳಗೆ ಏನೋ ಒಣಕಡ್ಡಿಯ ಹಾಗೆ ಮುರಿಯಿತು. ಉಸಿರು ಎಳೆದುಕೊಳ್ಳಲು ಜಾಗವೇ ಇಲ್ಲ. ಒಳಗಿದ್ದ ಒಂದೇ ಒಂದು ಉಸಿರನ್ನು ಹೊರಗೆ ಬಿಡಬಹುದಿತ್ತು. ಆ ಉಸಿರಿನಲ್ಲಿ ಅವನು “ಇದ್ದೀಯಾ?” ಅಂದ. ಕೂಗಲ್ಲ, ಪಿಸುಮಾತಿಗಿಂತ ಸಣ್ಣದು.

ಆಮೇಲೆ ಆದದ್ದನ್ನು ಅವನು ಹೇಳಲು ಹೋದಾಗಲೆಲ್ಲ ಮಾತು ಕುಂಟುತ್ತದೆ. ಬೆಳಕು ಕಾಣಲಿಲ್ಲ, ಅಮ್ಮ ಕಾಣಲಿಲ್ಲ, ಯಾವ ದನಿಯೂ ಕೇಳಲಿಲ್ಲ. ಫೋನು ಎತ್ತಿಕೊಂಡವರು ಇನ್ನೂ ಹಲೋ ಅಂದಿರುವುದಿಲ್ಲ, ಆದರೂ ಆ ಕಡೆ ಒಬ್ಬರಿದ್ದಾರೆ ಎಂದು ಗೊತ್ತಾಗುತ್ತದಲ್ಲ, ಹಾಗೆ. ಯಾರೋ ಕಿವಿಗೊಟ್ಟು ಕೂತಿದ್ದರು. ಅವಸರವಿರಲಿಲ್ಲ ಅವರಿಗೆ. ಅವನು ಹತ್ತೊಂಬತ್ತರಲ್ಲಿ ಕೂಗಿದ್ದೂ, ಆಮೇಲೆ ಕೂಗದೆ ನುಂಗಿದ್ದೂ, ಎಲ್ಲ ಅಲ್ಲಿಗೆ ತಲುಪಿತ್ತು.

ಆಂಬುಲೆನ್ಸಿನಲ್ಲಿ ಅವನ ಎದೆಬಡಿತ ಎರಡು ನಿಮಿಷ ನಿಂತಿತ್ತೆಂದು ಆಮೇಲೆ ನರ್ಸ್ ಹೇಳಿದಳು.

ಆಸ್ಪತ್ರೆಗೆ ಮೊದಲು ನೋಡಲು ಬಂದವನು ರೇಡಿಯೋ. ಕೈಯಲ್ಲಿ ಹಣ್ಣಿನ ಚೀಲ, ಕಣ್ಣು ಕೆಂಪು. ಅವನು ಸುಮ್ಮನಿದ್ದದ್ದನ್ನು ಮೌನಿ ನೋಡಿದ್ದು ಅದೇ ಮೊದಲು.

“ಅಣ್ಣ, ನಾನು ಕರೆದದ್ದು ಕೇಳಿಸ್ತಾ ನಿಂಗೆ?”

“ಇಲ್ಲ ಕಣೋ. ಸುಳ್ಳು ಯಾಕೆ ಹೇಳಲಿ. ಲಿಫ್ಟಿನ ಹಗ್ಗ ಸಡಿಲ ಆಯ್ತು, ಕೆಳಗೆ ಏನೋ ಸಿಕ್ಕಿದೆ ಅಂತ ಪೆಟ್ಟಿಗೆ ಎತ್ತಿದೆ. ಅದು ನೀನು ಅಂತ ಗೊತ್ತಾದಾಗ ನನ್ನ ಜೀವ ಬಾಯಿಗೆ ಬಂತು.” ಹಣ್ಣೊಂದನ್ನು ತೆಗೆದು ತಾನೇ ಸುಲಿದು ತಾನೇ ತಿಂದ. “ತಂತಿ ಸೇರಿಸಿದ್ಮೇಲೆ ನಾನೂ ಒಂದ್ಸಲ ಕೂಗಬೇಕಿತ್ತು. ನಂದೂ ತಪ್ಪೇ. ಅಲ್ಲ, ಇಷ್ಟು ದಿನ ಕೂಗದೆ ಇದ್ದೋನು ಆಗ ಯಾಕೋ ಕರೆದೆ?”

“ನಿನ್ನನ್ನಲ್ಲಣ್ಣ.”

ರೇಡಿಯೋ ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದ.

ಸಂಜೆ ನಾಲ್ಕಕ್ಕೆ ಅಕ್ಕ ಬಂದಳು, ಹಿಂದೆಯೇ ಅಪ್ಪ. ಮಂಚದ ಕಾಲ್ದೆಸೆಯ ಕುರ್ಚಿಯಲ್ಲಿ ಕೂತ ಅಪ್ಪ ಒಂದು ಗಳಿಗೆ ಬಿಟ್ಟು ಎದ್ದರು. ಬಲಗಡೆಯಿದ್ದ ನೀರಿನ ಲೋಟವನ್ನು ಎಡಗಡೆಗೆ ಇಟ್ಟರು. ಮುರಿದದ್ದು ಬಲಗಡೆಯ ಪಕ್ಕೆಲುಬು. ಯಾರೂ ಹೇಳಿರಲಿಲ್ಲ. ಮತ್ತೆ ಹೋಗಿ ಕೂತರು.

ಅಕ್ಕ ಈ ಸಲ ಗ್ಲೂಕೋಸ್ ಬಾಟಲಿ ನೇತುಹಾಕಿದ್ದ ಕಂಬದ ಕಡೆ ತಿರುಗಿದಳು.

“ಕಂಬವೇ, ಹಿರಿಯರು ಹೇಳಿ ಕಳಿಸಿದ್ದಾರೆ. ಹುಷಾರಾದ ಮೇಲೆ ಸಭೆಯಲ್ಲಿ ನಿಂತು ಒಂದೇ ಮಾತು ಹೇಳಿದ್ರೆ ಸಾಕಂತೆ. ಅವತ್ತು ಬೇಡಿದ್ದಕ್ಕೆ, ಬಿಟ್ಟು ಹೋಗಿದ್ದಕ್ಕೆ ಈ ಶಿಕ್ಷೆ ಆಯ್ತು ಅಂತ. ಅಷ್ಟೇ. ಆ ದಿನವೇ ಅಪ್ಪ ಮಾತಾಡಬಹುದು.” ಅವಳ ದನಿ ಒಡೆಯಿತು. “ನಾನೂನೂ. ಕಂಬದ ಹತ್ರ, ಮಿಷನ್ ಹತ್ರ ಮಾತಾಡಿ ಸಾಕಾಗಿದೆ ನಂಗೆ.”

ಮೌನಿ ಅಪ್ಪನನ್ನು ನೋಡಿದ. ಕಪ್ಪು ಕನ್ನಡಕದ ಹಿಂದೆ ಕಣ್ಣು ಕಾಣಲಿಲ್ಲ. ಒಂದೇ ಮಾತು. ಹೇಳಿಬಿಟ್ಟರೆ ಒಂಬತ್ತು ವರ್ಷದ ಬೀಗ ತೆರೆಯುತ್ತದೆ. ಹೇಳಿಬಿಡು ಎಂದು ಅವನ ಅರ್ಧ ಮನಸ್ಸು ಅಂಗಲಾಚಿತು.

“ಅಪ್ಪ,” ಅಂದ. “ನಾನು ದೇವರು ಇಲ್ಲ ಅಂದ್ಕೊಂಡು ಹೋದೆ. ಇದ್ದಾನೆ. ಆ ಗುಂಡಿಯಲ್ಲಿ ನಾನು ಕರೆದೆ, ಅವನು ಕೇಳಿಸ್ಕೊಂಡ. ಅದನ್ನ ಶಿಕ್ಷೆ ಅಂತ ಹೇಗೆ ಹೇಳಲಿ? ಬೈಯೋಕೆ ಬಂದವರು ಹಾಗೆ ಕೂತು ಕೇಳಿಸ್ಕೊಳ್ಳಲ್ಲ. ಇಳಿಯೋ ಮುಂಚೆ ಕೂಗಲಿಲ್ಲ, ಅದಕ್ಕೆ ಪೆಟ್ಟಾಯ್ತು. ಅಷ್ಟೇ. ಕೂಗಬಾರದು ಅಂತ ಕಲಿತಿದ್ದೆ.”

ಅಕ್ಕ ಕಂಬವನ್ನು ಮರೆತಳು. ನೇರವಾಗಿ ಅವನ ಮುಖಕ್ಕೇ ಕೇಳಿದಳು: “ಹಾಗಾದ್ರೆ ಅಮ್ಮನ ಸಲ ಯಾಕೆ ಕೇಳಿಸ್ಲಿಲ್ಲ ಅವನಿಗೆ?”

ಮೌನಿ ಅವಳ ಕಡೆಗೆ ಮುಖ ತಿರುಗಿಸಿದ.

“ಗೊತ್ತಿಲ್ಲಕ್ಕ. ಕೇಳಿಸ್ತು ಅನ್ಸತ್ತೆ. ಕೇಳಿಸ್ಕೊಂಡೂ ಅಮ್ಮನ್ನ ಉಳಿಸ್ಲಿಲ್ಲ. ಅದಕ್ಕೆ ನನಗಿನ್ನೂ ಸಿಟ್ಟಿದೆ. ಈಗ ಆ ಸಿಟ್ಟನ್ನೂ ಅವನಿಗೇ ಹೇಳ್ತೀನಿ.”

ಅಪ್ಪ ಎದ್ದರು. ಬಾಗಿಲ ಹತ್ತಿರ ಅವರ ಹೆಜ್ಜೆ ಅರೆಗಳಿಗೆ ನಿಂತಿತು. ಮತ್ತೆ ನಡೆಯಿತು. ಮರುದಿನ ನಾಲ್ಕಕ್ಕೆ ಕುರ್ಚಿ ಖಾಲಿಯಿತ್ತು, ಅದರ ಮರುದಿನವೂ.

ನಾಲ್ಕು ತಿಂಗಳ ಮೇಲೆ ಮೌನಿ ಕೆಲಸಕ್ಕೆ ಬಂದ. ಯಾವ ಸಭೆಗೂ ಸೇರಲಿಲ್ಲ, ಯಾವ ನೇಮವನ್ನೂ ಹಿಡಿಯಲಿಲ್ಲ. ಆದರೆ ಬೇಡಲು ಶುರುಮಾಡಿದ, ಅದೂ ಬಾಯಿಬಿಟ್ಟು, ವ್ಯಾನಿನಲ್ಲಿ ಕೂತೇ. ಅಪ್ಪನ ಕಣ್ಣು ಬೇಗ ಹುಷಾರಾಗಲಿ. ಅಕ್ಕನಿಗೆ ಸೊಂಟನೋವು ಕಡಿಮೆಯಾಗಲಿ. ಹದಿನಾರರ ಸ್ಪ್ಯಾನರ್ ಎಲ್ಲಿಟ್ಟೆ, ಸಿಗಲಿ.

“ಸೀಟಿನ ಕೆಳಗಿದೆ,” ಅನ್ನುತ್ತಿದ್ದ ರೇಡಿಯೋ. “ಇಂಥ ಚಿಲ್ಲರೆ ವಿಷಯಕ್ಕೆಲ್ಲ ಅವನನ್ನ ಯಾಕೆ ಎಬ್ಬಿಸ್ತೀಯ? ನನ್ನ ಕೇಳು. ಒಟ್ಟಿನಲ್ಲಿ ಮೂಗನನ್ನ ಸಾಕಿದ್ದೆ, ಈಗ ನಂಗಿಂತ ದೊಡ್ಡ ರೇಡಿಯೋ ಗಂಟುಬಿತ್ತು!”

ಕೆಲಸಕ್ಕೆ ಮರಳಿದ ಎರಡನೆಯ ವಾರ ಅಕ್ಕನ ಅಂಗಡಿಗೆ ಹೋದಾಗ ಅವಳು ದಾರ ಪೋಣಿಸುತ್ತ ಹೇಳಿದಳು: “ಮಿಷನ್ನೇ, ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಹದಿನೈದು ದಿನ ಆಯ್ತು. ಅಪ್ಪ ಐದು ಮಹಡಿ ಹತ್ತಿ ಇಳಿದು ಮಂಡಿ ಹಿಡ್ಕೊಂಡು ಕೂತಿದ್ದಾರೆ. ಗೊತ್ತಿರೋರು ಯಾರಾದ್ರೂ ಬಂದು ಸರಿಮಾಡಿದ್ರೆ ಚೆನ್ನಾಗಿತ್ತು.”

“ಅಕ್ಕ, ನೀನೀಗ ಬೇಡಿದೆ.”

“ನಾನು ಮಿಷನ್ ಹತ್ರ ಮಾತಾಡ್ತಾ ಇದ್ದೆ,” ಅಂದಳು ಅಕ್ಕ, ತಲೆ ಎತ್ತದೆ.

ಒಂಬತ್ತು ವರ್ಷದ ಮೇಲೆ ಅವನು ಆ ಕಟ್ಟಡದ ಮೆಟ್ಟಿಲ ಬುಡದಲ್ಲಿ ಚೀಲ ಇಳಿಸಿದ. ರೇಡಿಯೋ ಮೋಟರಿನ ಕೋಣೆಗೆಂದು ಮೆಟ್ಟಿಲು ಹತ್ತಿದ. ಮೌನಿ ಲಿಫ್ಟಿನ ಬಾಗಿಲು ಮೀಟಿ ತೆರೆದ, ಪೆಟ್ಟಿಗೆ ಎರಡನೆಯ ಮಹಡಿಯ ಮೇಲೆ ನಿಂತಿರುವುದನ್ನು ಟಾರ್ಚ್ ಬಿಟ್ಟು ನೋಡಿದ, ಗುಂಡಿಯ ಅಂಚಿಗೆ ಬಂದು ಕತ್ತೆತ್ತಿದ. ಪಕ್ಕೆಲುಬು ಇನ್ನೂ ಚುಳ್ ಅನ್ನುತ್ತಿತ್ತು.

“ಇಳೀತಿದ್ದೀನಿ!”

ಕೂಗು ಗೋಡೆಯಿಂದ ಗೋಡೆಗೆ ತಾಗುತ್ತ ಮೇಲಕ್ಕೆ ಹೋಯಿತು. ಓ ಬರಲಿಲ್ಲ.

“ಅಣ್ಣಾ! ಇಳೀತಿದ್ದೀನಿ!”

ಇಲ್ಲ. ಅವನು ಕಾಲು ಹಿಂದಕ್ಕಿಟ್ಟು ಕಾದ. ಕಾಯುವುದು ಅವನಿಗೆ ಹೊಸದಲ್ಲ. ಕೂಗಿ ಕಾಯುವುದು ಹೊಸದು. ಎದೆ ತುಂಬ ಉಸಿರು ಎಳೆದುಕೊಂಡು ಮೂರನೆಯ ಸಲ ಕೂಗಿದ.

ಮೇಲೆ ಎಲ್ಲೋ ಒಂದು ಮನೆಯ ಬಾಗಿಲು ತೆರೆದ ಸದ್ದು. ಚಪ್ಪಲಿಯ ಸದ್ದು. ಆಮೇಲೆ ಲಿಫ್ಟಿನ ಬಾಗಿಲ ಸಂದಿಗೆ ಬಾಯಿಟ್ಟು ಯಾರೋ ಅಂದರು:

“ಓ.”

ಅದು ರೇಡಿಯೋನ ಓ ಅಲ್ಲ. ಬಹಳ ಕಾಲ ಬಳಸದೆ ಇಟ್ಟದ್ದನ್ನು ತೆಗೆದ ಹಾಗೆ ಒರಟಾಗಿತ್ತು, ಕೊನೆಯಲ್ಲಿ ಸ್ವಲ್ಪ ನಡುಗಿತು. ಕಸುಬಿನ ಲೆಕ್ಕದಲ್ಲಿ ಅದು ಕೆಲಸಕ್ಕೆ ಬಾರದ ಓ. ಸ್ವಿಚ್ಚಿನ ಹತ್ತಿರ ಇಲ್ಲದವರ ಓ ನಂಬಿ ಯಾರೂ ಗುಂಡಿಗಿಳಿಯುವುದಿಲ್ಲ. ಮೌನಿ ಇಳಿಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಅಂಚಿನಿಂದ ದೂರಕ್ಕೆ ಸರಿದು ಮೆಟ್ಟಿಲ ಮೇಲೆ ಕೂತ.

“ಇಳೀಬೇಡ,” ಅಂದಿತು ಮೇಲಿನ ದನಿ, ಈ ಸಲ ಜೋರಾಗಿ, ಅವಸರದಲ್ಲಿ. “ಕೇಳಿಸ್ತಾ? ಇಳೀಬೇಡ. ನಿನ್ನ ಜೊತೆಯವನು ನಮ್ಮ ಅಡುಗೆಮನೇಲಿ ನೀರು ಕುಡೀತಾ ಕೂತಿದ್ದಾನೆ. ನಿನ್ನಕ್ಕನಿಗೆ ಬಾಯಿ ಬಿಡೋಕೂ ಬಿಡ್ತಿಲ್ಲ.”

“ಕೇಳಿಸ್ತಪ್ಪ,” ಅಂದ ಮೌನಿ. ಕಣ್ಣು ಒರೆಸಿಕೊಂಡ, ಕೈಯಲ್ಲಿದ್ದ ಗ್ರೀಸು ಕೆನ್ನೆಗೆ ಹತ್ತಿತು. ಮತ್ತೆ ಬಾಗಿಲಿಗೆ ಬಂದು ಕತ್ತಲೊಳಕ್ಕೆ ಮುಖ ಎತ್ತಿದ. ಅವನಿಗೆ ಬೇಕಾದದ್ದು ಬಹಳ ಇತ್ತು. ಅದರಲ್ಲಿ ತೀರಾ ಸಣ್ಣದನ್ನು ಆರಿಸಿಕೊಂಡ.

“ಅಪ್ಪಾ, ಅವನನ್ನ ಸ್ವಿಚ್ ಹತ್ರ ಕಳಿಸಿಕೊಡಿ.”

ಆಮೇಲೆ ಚಪ್ಪಲಿಯ ಸದ್ದು, ಮನೆಯ ಕಡೆಗೆ, ಮಂಡಿನೋವಿನ ಮನುಷ್ಯ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ.