ಬೈರಣ್ಣ ಸಾಯುವ ಲೆಕ್ಕ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜಯನಗರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತು. ಇರಲಿ. ಒಂದು ಕೋಣೆ ತುಂಬ ಹುಡುಗಿಯರಿಗೆ ಬೀಜಗಣಿತ ಹೇಳಿಕೊಡುವವಳಿಗೆ ಕೋಪವೂ ಇಲ್ಲದಿದ್ದರೆ ಇನ್ನೇನು ಗತಿ? ಅಲಮೇಲು ಮಿಸ್ ಬರುತ್ತಾರೆ ಎಂದರೆ ನನ್ನ ಚಪ್ಪಲಿ ಸದ್ದಿಗೇ ಮಗ್ಗಿ ಶುರುವಾಗುತ್ತಿತ್ತು. ಮಂಗಮ್ಮನ ವಿಷಯಕ್ಕೆ ಬಂದರೆ ಮಾತ್ರ ಆ ಕೋಪ ಎಲ್ಲಿಗೆ ಹೋಗುತ್ತಿತ್ತೋ, ನನಗೇ ತಿಳಿಯದು. ಆ ಹುಡುಗಿ ಎಂದರೆ ನನಗೆ ಪ್ರಾಣ. ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಮಂಗಮ್ಮ ಕತ್ರಿಗುಪ್ಪೆಯವಳು. ಅಪ್ಪ ಬೈರಣ್ಣ ರಾಗಿ, ಅವರೆ, ಒಂದಿಷ್ಟು ತರಕಾರಿ ಬೆಳೆಯುತ್ತಿದ್ದ. ತಾಯಿ ಇರಲಿಲ್ಲ, ಸಾಕಿದವಳು ಬೈರಣ್ಣನ ತಾಯಿ, ಅಜ್ಜಿ ಸೊಣ್ಣಮ್ಮ. ಐವತ್ತೇಳನೆಯ ಇಸವಿಯಲ್ಲಿ ಈ ಹುಡುಗಿ ಹೊಲದ ಬದುವಿನ ಮೇಲೆ ನಡೆದುಕೊಂಡು ಬಂದು ನಮ್ಮ ನಾಲ್ಕನೇ ಫಾರಂಗೆ, ಅಂದರೆ ಹೈಸ್ಕೂಲಿನ ಮೊದಲ ವರ್ಷಕ್ಕೆ ಸೇರಿದಳು. ಬಾಯಿಲೆಕ್ಕದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತು, "ಮಿಸ್, ನಾನೂ ಲೆಕ್ಕದ ಮಿಸ್ ಆಗ್ಬೇಕು. ಅದಕ್ಕೆ ಏನ್ ಓದ್ಬೇಕು?" ಎಂದಳು.

"ಮೊದ್ಲು ನೆಟ್ಟಗೆ ಜಡೆ ಹಾಕ್ಕೊಂಡ್ ಬಾ," ಎಂದು ಗದರಿಸಿದೆ. ಒಳಗೊಳಗೇ ಹಿಗ್ಗಿ ಹೀರೇಕಾಯಿ ಆಗಿದ್ದೆ.

ಅವಳ ಪ್ರಶ್ನೆಗೆ ಉತ್ತರ ಸುಲಭವಿತ್ತು. ಆಗ ನಾಲ್ಕನೇ ಫಾರಂ ಮುಗಿಯುತ್ತಲೇ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಸಾಮಾನ್ಯ ಗಣಿತ ತೆಗೆದುಕೊಂಡರೆ ಬಡ್ಡಿ, ಲಾಭ-ನಷ್ಟಗಳಲ್ಲೇ ಎರಡು ವರ್ಷ ಕಳೆದುಹೋಗುತ್ತಿತ್ತು, ಜೊತೆಗೊಂದಿಷ್ಟು ಹೊಲಿಗೆ. ಐಚ್ಛಿಕ ಗಣಿತ ತೆಗೆದುಕೊಂಡರೆ ಐದನೆಯದರಲ್ಲಿ ಪ್ರಮೇಯಗಳು, ಆರನೆಯದರಲ್ಲಿ ವೃತ್ತ, ಲಾಗರಿದಮ್ಮು, ಆಮೇಲೆ ಕಾಲೇಜು. ಐಚ್ಛಿಕ ಇಲ್ಲದೆ ಕಾಲೇಜಿನಲ್ಲಿ ಗಣಿತ ಇಲ್ಲ, ಗಣಿತವಿಲ್ಲದೆ ಲೆಕ್ಕದ ಮಿಸ್ ಆಗುವುದೂ ಇಲ್ಲ. ಮಂಗಮ್ಮ ಐಚ್ಛಿಕವೇ ಎಂದು ಅಂದೇ ತೀರ್ಮಾನಿಸಿಬಿಟ್ಟಳು.

ಆದರೆ ಆ ವರ್ಷದ ಕೊನೆಯಲ್ಲಿ ಒಂದು ದಿನ ಕಣ್ಣು ಊದಿಸಿಕೊಂಡು ಬಂದಳು. "ಮಿಸ್, ಐಚ್ಛಿಕ ಬ್ಯಾಡ ಅಂತವ್ರೆ ನಮ್ಮಜ್ಜಿ." ಯಾಕೆ ಎಂದರೆ ಬಾಯಿ ಬಿಡಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು! ಭಾನುವಾರ ಬೆಳಿಗ್ಗೆ ಕೊಡೆ ಹಿಡಿದು ಬಸವನಗುಡಿಯ ನಮ್ಮ ಮನೆಯಿಂದ ಕತ್ರಿಗುಪ್ಪೆಗೆ ನಡೆದೇಬಿಟ್ಟೆ.

ಸೊಣ್ಣಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಚಾಪೆ ಹಾಸಿದಳು, ಮಜ್ಜಿಗೆ ತರಿಸಿದಳು. ಮರ್ಯಾದೆಗೆ ಏನೂ ಕೊರತೆಯಿಲ್ಲ. ವಿಷಯ ಎತ್ತುತ್ತಲೂ ಮುಖ ಬಿಗಿಯಿತು.

"ಮೇಷ್ಟ್ರಮ್ಮ, ನಿಮ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ದೀಪ ಹಚ್ಚೋ ಹೊತ್ತಲ್ಲಿ ಈ ಹುಡ್ಗಿ ದಿನಾ ನನ್ ಮಗನ್ನ ಸಾಯಿಸ್ತಾಳಲ್ಲ, ಅದನ್ನ ಎಂಗೆ ಕೇಳ್ಕೊಂಡಿರ್ಲಿ?"

"ಏನಂದ್ರಿ?"

"ಬೈರಣ್ಣ ಸಾಯೋವಾಗ ಆಸ್ತೀಲಿ ಅರ್ಧ ಮಂಗಮ್ಮಂಗೆ, ಉಳಿದಿದ್ರಲ್ಲಿ ಮೂರ್ನೇ ಒಂದ್ ಪಾಲು ಸೊಣ್ಣಮ್ಮಂಗೆ ಅಂತ ಕೂಗಿ ಕೂಗಿ ಓದ್ತಾಳೆ. ಬೀದಿಯೋರೆಲ್ಲ ಬಂದು ಕೇಳ್ತಾವ್ರೆ, ಬೈರಣ್ಣಂಗೆ ಏನಾಯ್ತು ಅಂತ! ಕಣ್ಮುಂದೆ ಗುಂಡುಕಲ್ಲಂಗವ್ನೆ ನನ್ ಮಗ."

ನನ್ನ ಸಿಟ್ಟು ಜರ್ರೆಂದು ಇಳಿಯಿತು. ಅದು ನನ್ನದೇ ಪದ್ಧತಿ! ಬೀಜಗಣಿತ ಶುರುವಾದಾಗ ಹುಡುಗಿಯರು 'ಎಕ್ಸ್' ಕಂಡರೆ ಗುಮ್ಮನನ್ನು ಕಂಡಂತೆ ಹೆದರುತ್ತಾರೆ. ಪುಸ್ತಕದಲ್ಲಿ 'ಒಬ್ಬ ಮನುಷ್ಯನು' ಎಂದು ಬರೆದಿದ್ದರೆ ಯಾರಿಗೆ ತಾನೇ ಅಕ್ಕರೆ? ನಿಮ್ಮ ಮನೆಯವರ ಹೆಸರು ಹಾಕಿ ಗಟ್ಟಿಯಾಗಿ ಓದಿ, ಲೆಕ್ಕ ತಾನಾಗಿ ತಲೆಗೆ ಹತ್ತುತ್ತದೆ ಎಂದು ನಾನೇ ಹೇಳಿದ್ದೆ. ವಯಸ್ಸಿನ ಲೆಕ್ಕಕ್ಕೆ, ಬಾವಿ ತೋಡುವ ಲೆಕ್ಕಕ್ಕೆ ಅದು ಸೊಗಸಾಗಿಯೇ ಇತ್ತು. ಪುಸ್ತಕ ಬರೆದ ಮಹಾನುಭಾವರಿಗೆ ಆಸ್ತಿ ಹಂಚಲು ಪ್ರತಿಸಲವೂ ಯಜಮಾನನನ್ನು ಸಾಯಿಸಲೇಬೇಕು ಎಂಬ ಹಟ ಇದ್ದರೆ ನಾನೇನು ಮಾಡಲಿ?

"ಅಜ್ಜಿ, ಮುಂದಿನ ವರ್ಷದಿಂದ ಐಚ್ಛಿಕದಲ್ಲಿ ಯಾರೂ ಸಾಯಲ್ಲ. ಬರೀ ಗೆರೆ, ಕೋನ, ತ್ರಿಕೋನ."

"ಕೆಟ್ಟ ಮಾತು ಒಂದೂ ಬರಾಕಿಲ್ವ?"

ಸುಳ್ಳು ಹೇಳಿ ಬರಬಹುದಿತ್ತು. ಆ ಕಣ್ಣು ನೋಡಿ ಬಾಯಿ ಬರಲಿಲ್ಲ. "ಒಂದೊಂದ್ಸಲ, ನಿಜ ಅಲ್ಲದ್ದನ್ನ ನಿಜ ಅಂತ ಊಹೆ ಮಾಡ್ಕೋಬೇಕಾಗತ್ತೆ. ಹಾಗೇ ಮುಂದಕ್ಕೆ ಹೋಗಿ, ಅದು ಆಗೋ ಮಾತೇ ಅಲ್ಲ ಅಂತ ತೋರ್ಸಿ, ಆ ಊಹೇನ ಬಿಟ್ಟುಬಿಡ್ತೀವಿ."

ಸೊಣ್ಣಮ್ಮ ಸುಲಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಕಡೇಲಿ ಬಿಡ್ತು ಅಂತೀರೇನು?"

ಅಶುಭದ ಮಾತು ಬಾಯಿಗೆ ಬಂದರೆ 'ಬಿಡ್ತು' ಅನ್ನಿಸದ ಮನೆ ನಮ್ಮ ಕಡೆ ಯಾವುದಿದೆ? ನಮ್ಮಮ್ಮನೂ ಅನ್ನಿಸುತ್ತಿದ್ದಳು. "ಅಂತಾಳೆ ಬಿಡಿ," ಎಂದೆ.

"ಅವ್ಳೊಬ್ಳೇ ಅಲ್ಲ. ನೀವೂ ಅನ್ಬೇಕು. ಹೇಳ್ಕೊಡೋರು ನೀವಲ್ವ?"

ಬಿ.ಎಸ್ಸಿ., ಬಿ.ಟಿ. ಓದಿದ ನಾನು ಅವರೆಕಾಯಿ ರಾಶಿಯ ಮುಂದೆ ಮಾತು ಕೊಟ್ಟು ಬಂದೆ. ಮಂಗಮ್ಮನಿಗೆ ಐಚ್ಛಿಕ ಸಿಕ್ಕಿತು.

ಐದನೇ ಫಾರಂನಲ್ಲಿ ಗಣಿತದ ನಡಿಗೆಯೇ ಬೇರೆ. ಅಲ್ಲಿಯವರೆಗೆ ಉತ್ತರ ಬಂದರೆ ಸಾಕಿತ್ತು, ಈಗ ಯಾಕೆ ಎಂದು ಹೇಳಬೇಕು. ಬಾಯಿಲೆಕ್ಕದ ಚುರುಕು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎರಡು ಬಾಹು ಸಮ ಎಂದು ಕಣ್ಣಿಗೇ ಕಾಣುವಾಗ ಅದನ್ನು ಸಾಧಿಸುವುದೇಕೆ ಎಂದು ಮಂಗಮ್ಮ ತಿಂಗಳುಗಟ್ಟಲೆ ನನ್ನ ಪ್ರಾಣ ತಿಂದಳು. ಆಮೇಲೆ ಒಂದು ದಿನ ಊಹೆಯಿಂದ ಸಾಧಿಸುವ ಪ್ರಮೇಯ ಬಂತು. ಬೋರ್ಡಿನ ಮೇಲೆ 'ಸಮವಲ್ಲ ಎಂದು ಊಹಿಸೋಣ' ಎಂದು ಬರೆದು, ಒಂದೊಂದೇ ಹೆಜ್ಜೆ ಇಳಿದು, ಚಿಕ್ಕದು ದೊಡ್ಡದಕ್ಕೆ ಸಮ ಎಂಬಲ್ಲಿಗೆ ತಂದು ನಿಲ್ಲಿಸಿದೆ. ಇದು ಅಸಾಧ್ಯ, ಆದ್ದರಿಂದ ನಮ್ಮ ಊಹೆ ತಪ್ಪು. ಸೀಮೆಸುಣ್ಣ ಇಟ್ಟು ತಿರುಗಿದರೆ ಮಂಗಮ್ಮ ನನ್ನನ್ನೇ ನೋಡುತ್ತಿದ್ದಾಳೆ.

"ಬಿಡ್ತು," ಎಂದೆ.

"ಬಿಡ್ತು," ಎಂದಳು ಅವಳು. ಕ್ಲಾಸು ಗೊಳ್ಳೆಂದಿತು. ಮಂಗಮ್ಮನ ಮುಖ ಮಾತ್ರ ಅರಳಿತ್ತು. ಕೆಟ್ಟದ್ದನ್ನು ಕೊನೆಯವರೆಗೂ ಯೋಚಿಸಿ, ಅದು ನಿಲ್ಲುವುದಿಲ್ಲ ಎಂದು ತೋರಿಸಿ ಹೊರಗೆ ಬರಬಹುದು ಎಂಬುದು ಅವಳಿಗೆ ತುಂಬಾ ಹಿಡಿಸಿಬಿಟ್ಟಿತ್ತು. ಅಂದಿನಿಂದ ಪ್ರಮೇಯ ಎಂದರೆ ಹಲಸಿನ ಹಣ್ಣಿಗೆ ಬಿದ್ದ ಹಾಗೆ ಬೀಳುತ್ತಿದ್ದಳು.

ಆರನೇ ಫಾರಂ. ಮಾರ್ಚ್‌ನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಅನ್ನುವಾಗ ಸಂಕ್ರಾಂತಿ ಕಳೆದ ಮೇಲೆ ಮಂಗಮ್ಮ ಸ್ಕೂಲಿಗೆ ಬರುವುದನ್ನೇ ನಿಲ್ಲಿಸಿದಳು. ಬೈರಣ್ಣನಿಗೆ ವಿಷಮಶೀತ ಜ್ವರ ಎಂದು ಯಾರೋ ಹೇಳಿದರು. ಹೆಡ್‌ಮಿಸ್ಟ್ರೆಸ್ ಚೂಡಾಮಣಿಯವರು ಕರೆದು, "ಅಲಮೇಲು, ಇಷ್ಟು ದಿನ ತಪ್ಪಿಸಿಕೊಂಡವಳನ್ನ ಐಚ್ಛಿಕದಲ್ಲಿ ಪರೀಕ್ಷೆಗೆ ಕಳಿಸೋದು ಹೇಗೆ? ಸೋಮವಾರ ಬರದಿದ್ರೆ ಈ ವರ್ಷ ಬೇಡ," ಎಂದರು. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಸ್ಕೂಲಿಗೆ ಬಂದದ್ದನ್ನು ನಾನಂತೂ ಕಂಡಿರಲಿಲ್ಲ. ಭಾನುವಾರ ಮತ್ತೆ ಕೊಡೆ ಹಿಡಿದೆ.

ಜಗಲಿಯ ಕಂಬಕ್ಕೆ ಒರಗಿ ಮಂಗಮ್ಮ ಕೂತಿದ್ದಳು. ಒಣಗಿ ಕಡ್ಡಿಯಾಗಿದ್ದಳು. "ಪುಸ್ತಕ ತಗೋ," ಎಂದರೆ ತಲೆ ಅಲ್ಲಾಡಿಸಿದಳು.

"ಮುಟ್ಟಾಕಿಲ್ಲ ಮಿಸ್. ನಾಲ್ಕನೇ ಫಾರಂ ಪೂರ್ತಿ ನಾನೇ ಅಪ್ಪನ್ನ ಸಾಯಿಸ್ದೆ. ಆಗ ಒಂದ್ಸಲಾನೂ ಬಿಡ್ತು ಅನ್ಲಿಲ್ಲ. ಅದು ಈಗ ತಗ್ಲಾಕ್ಕೊಂಡೈತೆ."

"ಹುಚ್ಚುಹುಡುಗಿ! ಲೆಕ್ಕಕ್ಕೂ ಜ್ವರಕ್ಕೂ ಏನೇ ಸಂಬಂಧ?" ನಾನು ರೇಗಿದೆ. ನೀರು ಕಾಯಿಸದೆ ಕುಡಿದರೆ ಜ್ವರ ಬರುತ್ತದೆ ಎಂದೆ, ಇನ್ನೂ ಏನೇನೋ ಹೇಳಿದೆ. ಅವಳು ಕಂಬ ಬಿಡಲಿಲ್ಲ. ನನಗೆ ಅಳು ಬರುವಂತಾಯಿತು, ನಿಜವಾಗಿಯೂ.

ಒಳಗಿಂದ ಸೊಣ್ಣಮ್ಮ ಗಂಜಿಯ ಬಟ್ಟಲು ಹಿಡಿದು ಬಂದಳು. ನಿದ್ದೆಗೆಟ್ಟು ಅವಳ ಕಣ್ಣೂ ಗುಳಿಬಿದ್ದಿತ್ತು. 'ಅವತ್ತೇ ಹೇಳಿರ್ಲಿಲ್ವ' ಎನ್ನುತ್ತಾಳೆ ಎಂದು ನಾನು ಎದೆ ಗಟ್ಟಿಮಾಡಿಕೊಂಡೆ. ಅವಳು ಬಟ್ಟಲನ್ನು ಕೆಳಗಿಟ್ಟು ಮೊಮ್ಮಗಳ ಎದುರು ಕುಕ್ಕರುಗಾಲಲ್ಲಿ ಕೂತಳು.

"ಏನಂತ ಊಹೆ ಮಾಡ್ಕೊಂಡು ಕುಂತಿದ್ದೀಯ ಮಗ? ಅಪ್ಪ ಸಾಯ್ತಾನೆ ಅಂತ್ಲ?"

ಮಂಗಮ್ಮ ಹೌದೆಂದು ತಲೆಯಾಡಿಸಿದಳು.

"ಮಾಡ್ಕೊ. ಮಾಡ್ಕೊಂಡ್ಮ್ಯಾಲೆ ಅಲ್ಲೇ ಕುಂತ್ಕಂಡ್ರೆ ಆಯ್ತ? ಮುಂದಕ್ಕೋಗ್ಬೇಕು ಅಂತ ನೀನೇ ಬಾಯಿಪಾಠ ಮಾಡ್ತಿದ್ಯಲ್ಲ. ನಿನ್ನೆಯಿಂದ ಬೆವರು ಬಿಡ್ತಾವ್ನೆ, ಮೈ ತಣ್ಣಗೈತೆ. ಈಗ ಗಂಜಿಗೆ ಉಪ್ಪು ಕಮ್ಮಿ ಅಂತ ನನ್ನ ಬೈದು ಕಳಿಸ್ದ. ಸಾಯೋನು ಉಪ್ಪು ಕಮ್ಮಿ ಅಂತ ಬೈತಾನೇನೆ?"

"ಇಲ್ಲ," ಎಂದಳು ಮಂಗಮ್ಮ.

"ಆಯ್ತದೇನೆ ಅದು?"

"ಆಗಲ್ಲ."

"ಮತ್ತೆ? ಅನ್ನು."

ಹುಡುಗಿ "ಬಿಡ್ತು," ಎಂದವಳೇ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಗೋಳೋ ಎಂದು ಅತ್ತಳು. ಸೊಣ್ಣಮ್ಮ ಅವಳ ಬೆನ್ನು ಸವರುತ್ತಾ ನನ್ನ ಕಡೆ ತಿರುಗಿದಳು. "ನೀವೂ ಅನ್ನಿ ಮೇಷ್ಟ್ರಮ್ಮ. ಮಾತು ಕೊಟ್ಟಿದ್ರಿ."

"ಬಿಡ್ತು," ಎಂದೆ. ಅಷ್ಟು ಮನಸ್ಸಿಟ್ಟು ಜನ್ಮದಲ್ಲಿ ಯಾವ ಪ್ರಮೇಯವನ್ನೂ ನಾನು ಮುಗಿಸಿರಲಿಲ್ಲ.

ಒಳಗಿಂದ ಬೈರಣ್ಣನ ಸೋತ ದನಿ ಕೇಳಿಸಿತು. "ಬಿಡ್ತು ಬಿಡ್ತು ಅಂತ ಅಲ್ಲೇ ಕುಂತ್ರಾ? ಉಪ್ಪು ತತ್ತಾರವ್ವ!"

ಮಂಗಮ್ಮ ಎದ್ದು ಮೂಗೊರೆಸಿಕೊಂಡು ಉಪ್ಪು ತರಲು ಓಡಿದಳು. ಸೋಮವಾರ ಸ್ಕೂಲಿಗೆ ಬಂದಳು, ನೆಟ್ಟಗೆ ಜಡೆ ಹಾಕಿಕೊಂಡೇ. ಪರೀಕ್ಷೆಯ ದಿನ ಅವಳನ್ನು ಗಾಡಿ ಕಟ್ಟಿಕೊಂಡು ಕರೆತಂದವನು ಬೈರಣ್ಣನೇ. ಶರಟು ಅವನ ಮೈಮೇಲೆ ಜೋಲುತ್ತಿತ್ತು. ಹೊರಗೆ ಬಂದ ಮಂಗಮ್ಮ, "ಎಲ್ಲಾ ಬರ್ದೆ ಮಿಸ್. ಆದ್ರೆ ಸ್ಪರ್ಶರೇಖೆ ಪ್ರಮೇಯದ ಕಡೇಲಿ 'ಬಿಡ್ತು' ಅಂತಾನೂ ಬರ್ದ್ಬಿಟ್ಟೆ," ಎಂದಳು. ನಾನು ಹಣೆ ಹಣೆ ಚಚ್ಚಿಕೊಂಡೆ. ಪುಣ್ಯಾತ್ಮ ಯಾರು ತಿದ್ದಿದರೋ, ಅಂಕ ಕಳೆದ ಹಾಗೆ ಕಾಣಲಿಲ್ಲ. ಐಚ್ಛಿಕ ಗಣಿತದಲ್ಲಿ ನಮ್ಮ ಸ್ಕೂಲಿಗೇ ಅವಳು ಮೊದಲು.

ಇದೆಲ್ಲ ಈಗ ಯಾಕೆ ನೆನಪಾಯಿತು ಎಂದರೆ, ಅರವತ್ತಾರನೆಯ ಇಸವಿಯ ಈ ಜೂನ್‌ನಲ್ಲಿ ನಮ್ಮ ಸ್ಕೂಲಿಗೆ ಹೊಸ ಲೆಕ್ಕದ ಮಿಸ್ ಬಂದಿದ್ದಾಳೆ. ಇವತ್ತು ಮಧ್ಯಾಹ್ನ ನಾನೂ ಚೂಡಾಮಣಿಯವರೂ ಆಫೀಸಿನಲ್ಲಿ ಕೂತಿದ್ದಾಗ ಪಕ್ಕದ ಕ್ಲಾಸಿನಿಂದ ಅಷ್ಟೂ ಹುಡುಗಿಯರು ಒಂದೇ ಗಂಟಲಲ್ಲಿ ಕೂಗಿದ್ದು ಕೇಳಿಸಿತು.

"ಬಿಡ್ತು!"

"ಏನ್ರೀ ಅದು ಗಲಾಟೆ? ಯಾರ ಕ್ಲಾಸು?" ಎಂದು ಚೂಡಾಮಣಿ ಕುರ್ಚಿಯಿಂದ ಎದ್ದರು.

"ಮಂಗಮ್ಮ ಮಿಸ್ಸಿಂದು," ಎಂದೆ. ಕಣ್ಣು ಒರೆಸಿಕೊಳ್ಳಲು ಸೆರಗು ಹುಡುಕುತ್ತಿದ್ದೆ. "ಕೂತ್ಕೊಳ್ಳಿ. ಪ್ರಮೇಯ ಮುಗೀತು, ಅಷ್ಟೇ."