ಎಡಮೈ

ಆ ತಟ್ಟು ಲಾಯಕ್ಕೆ ಬಂದ ದಿನವೇ ಎಡಮೈಯನ್ನು ಗೋಡೆಗೆ ಒತ್ತಿಕೊಂಡು ನಿಂತಿತು. ಗಿಡ್ಡ ಕುದುರೆ, ನನ್ನ ಎದೆಯ ಮಟ್ಟಕ್ಕೂ ಬಾರದು. ಯಾರೋ ಶೆಡ್ಡಿನಲ್ಲಿ ಕೂಡಿಹಾಕಿ ಹಾಗೇ ಬಿಟ್ಟುಹೋಗಿದ್ದರು. ಪಕ್ಕೆಲುಬು ಎಣಿಸಬಹುದಿತ್ತು. ಕತ್ತರಿಸುವವರಿಲ್ಲದೆ ಗೊರಸುಗಳು ಬೆಳೆದು ಮೇಲಕ್ಕೆ ಸುರುಳಿಯಾಗಿದ್ದವು. ಲಾರಿಯಿಂದ ಇಳಿಸಿದವನ ಮಂಡಿಗೆ ಒದ್ದಿತು. ಪಶುವೈದ್ಯರು ಮಂಪರು ಬರಿಸಿ, ಎಡಪಕ್ಕೆಯ ಹುಣ್ಣು ತೊಳೆದು ಹೋದರು. ಮಂಪರು ಇಳಿದದ್ದೇ ಮತ್ತೆ ಗೋಡೆ.

ಲಾಯ ನಡೆಸುವ ಮೇಡಂ ಅವತ್ತೇ ಹೇಳಿದ್ದರು. ಇನ್ನೊಂದು ಸಲ ಮನುಷ್ಯರ ಮೇಲೆ ಕಾಲೆತ್ತಿದರೆ ಇದನ್ನು ಯಾರ ಮನೆಗೂ ಕೊಡಲಾಗದು, ಇಟ್ಟುಕೊಳ್ಳಲು ಜಾಗವೂ ಇಲ್ಲ, ಸೂಜಿ ಹಾಕಿ ಶಾಶ್ವತವಾಗಿ ಮಲಗಿಸುವುದೇ.

ನಾನು ಲಾಳ ಹೊಡೆಯುವವನು. ಐವತ್ತು ವರ್ಷ ಕುದುರೆಗಳ ಕಾಲಡಿಯೇ ಕಳೆದಿದ್ದೇನೆ. ತಟ್ಟನ್ನು ನನಗೆ ಒಪ್ಪಿಸಿದರು. ಮೊದಲ ತಿಂಗಳು ಹಿಡಿ ಹಿಡಿಯಾಗಿ ಹುಲ್ಲು. ಹಸಿದ ಹೊಟ್ಟೆಗೆ ಒಮ್ಮೆಗೇ ಸುರಿದರೆ ತಿಂದೇ ಸಾಯುತ್ತದೆ. ಆಮೇಲೆ ಮೈ ಉಜ್ಜುವುದು, ವಾರಕ್ಕಿಷ್ಟು ಗೊರಸು ಕತ್ತರಿಸುವುದು. ಎಲ್ಲವೂ ಬಲಗಡೆಯಿಂದ. ಗೋಡೆ ಬಿಡಿಸಲು ಹೋದರೆ ನಡುಗುತ್ತಿತ್ತು. ಗೋಡೆ ಹೊಡೆಯುವುದಿಲ್ಲವೆಂದು ಅದಕ್ಕೆ ಗೊತ್ತು, ಇರಲಿ ಬಿಡು ಎಂದುಕೊಂಡೆ. ನನ್ನ ಎಡಗೈಗೂ ಬಲವಿಲ್ಲ. ಬಲಗಡೆ ನಿಂತರೆ ಕೆಲಸವೆಲ್ಲ ಬಲಗೈಗೇ ಬರುತ್ತಿತ್ತು. ಎಡಗಾಲುಗಳನ್ನು ಹೊಟ್ಟೆಯ ಕೆಳಗಿನಿಂದ ಬಗ್ಗಿ ಎಳೆದುಕೊಳ್ಳುತ್ತಿದ್ದೆ. ತಿರುಗಾಡಿಸುವಾಗಲೂ ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ನಾನು, ನಡುವೆ ಅದು. ಲಾಯದವರು ಅದಕ್ಕೆ ಗೋಡೆರಾಯ ಎಂದು ಹೆಸರಿಟ್ಟರು. ದಿನಾ ಗೊರಸಿಗೆ ಎಣ್ಣೆ ಹಚ್ಚುತ್ತೇನೆಂದು ಕೇಳಿ ನನ್ನ ಹೆಂಡತಿ, ಗೋಡೆರಾಯನಿಗೆ ನಾಲ್ಕು ಕಾಲು, ತನಗೆ ಎರಡೇ ಅಂತ ತಾತ್ಸಾರ ಎಂದಳು.

ಐದು ತಿಂಗಳಿಗೆ ಮೈ ತುಂಬಿತು. ಮೇಡಂ ಒಂದು ಮನೆ ಹುಡುಕಿದರು. ಬೇಕರಿಯವನು, ಅವನ ಹತ್ತು ವರ್ಷದ ಮಗಳು.

ಅವರು ಬಂದ ಬೆಳಿಗ್ಗೆ ಲಾಯ ತೊಳೆದಾಗಿತ್ತು. ಬಂದವರಿಗೆ ಕಾಣಲೆಂದು ತಟ್ಟನ್ನು ಗೋಡೆ ಬಿಡಿಸಿ, ನಾನೇ ಬಲಗಡೆಯಿಂದ ಹಿಡಿದು ತಂದು ಅಂಗಳದ ನಡುವಿನ ಕಂಬಕ್ಕೆ ಕಟ್ಟಿದ್ದೆ. ಮೇಡಂ ಕಾಗದ ತರಲು ಒಳಗೆ ಹೋದರು. ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ಹೋಗಬಾರದಂತೆ, ತಾನು ಎರಡಕ್ಕೂ ದೂರ ಎಂದು ಬೇಕರಿಯವನು ನಗುತ್ತ ಗೇಟಿನ ಬಳಿಯೇ ನಿಂತ. ಮಗಳು ಮಾತ್ರ ಪುಸ್ತಕದಲ್ಲಿ ಓದಿಕೊಂಡೇ ಬಂದಿದ್ದಳು. ಹೆಗಲಿನ ಹತ್ತಿರ ಹೋಗಬೇಕು, ಮಾತಾಡುತ್ತ ಹೋಗಬೇಕು ಎಂದು ನನಗೇ ಒಪ್ಪಿಸಿದಳು. ಜಾಣೆ ಎಂದು ಬ್ರಷ್ಷು ಕೊಟ್ಟು, ಬಕೆಟ್ಟಿಗೆ ನೀರು ಹಿಡಿಯಲು ತಿರುಗಿದೆ.

ತಿರುಗಿ ನೋಡುವಾಗ ಅವಳು ಎಡಗಡೆ ನಿಂತಿದ್ದಳು. ಪುಸ್ತಕದಲ್ಲಿ ಹಾಗೇ ಬರೆದಿರುತ್ತದೆ. ಲೋಕವೆಲ್ಲ ಕುದುರೆಯ ಹತ್ತಿರ ಹೋಗುವುದು ಎಡಗಡೆಯಿಂದಲೇ.

ಮಂಪರಿನ ಹೊತ್ತು ಬಿಟ್ಟರೆ, ಐದು ತಿಂಗಳಲ್ಲಿ ಒಂದು ದಿನವಾದರೂ ಯಾರಾದರೂ ಆ ಎಡಮೈ ಮುಟ್ಟಿದ್ದರೇ? ಇಲ್ಲ. ಒಂದು ಮೈಗೆ ಕಲಿಸಿದ ಪಾಠ ಕುದುರೆಯ ಇನ್ನೊಂದು ಮೈಗೆ ದಾಟುವುದಿಲ್ಲ. ಊರವರಿಗೆಲ್ಲ ಇದನ್ನು ಹೇಳಿಕೊಂಡು ಬಂದವನು ನಾನೇ.

ತಟ್ಟಿನ ಕಿವಿಗಳು ಹಿಂದಕ್ಕೆ ಮಲಗಿದವು. ಪಕ್ಕೆಯ ಚರ್ಮ ಅದುರಿತು. ಎಡ ಹಿಂಗಾಲು ನೆಲದಿಂದ ಸ್ವಲ್ಪ ಮೇಲೆದ್ದು ಅಲ್ಲೇ ನಿಂತಿತು. ಹುಡುಗಿಗೂ ತಿಳಿಯಿತು, ಕೈ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

ನನ್ನ ಚಿಕ್ಕಪ್ಪ ಸತ್ತದ್ದು ಹಾಗೆ ಎರಡು ಹೆಜ್ಜೆ ಸರಿದೇ. ಅಂಟಿಕೊಂಡು ನಿಂತವರನ್ನು ಕುದುರೆ ತಳ್ಳುತ್ತದೆ ಅಷ್ಟೆ. ಸರಿದವರ ಮೇಲೆ ಒದೆ ಪೂರಾ ಬೀಳುತ್ತದೆ. ಕೂಗುವಂತಿರಲಿಲ್ಲ, ಓಡುವಂತಿರಲಿಲ್ಲ. ಹುಲ್ಲು ಹಾಕುವಾಗಿನ ದನಿಯನ್ನೇ ಹೇಗೋ ಹೊರಡಿಸಿದೆ.

“ಪುಟ್ಟೀ, ಹಿಂದೆ ಬರ್ಬೇಡ. ಇನ್ನೂ ಹತ್ರ ಹೋಗು. ಕುತ್ತಿಗೆಗೆ ಆತ್ಕೊಂಡು ನಿಂತ್ಕೋ.”

ಬೇಕರಿಯವನು ಗೇಟು ಬಿಟ್ಟು ಮುಂದೆ ಬಂದ. ಅದೇ ದನಿಯಲ್ಲಿ ಅವನಿಗೂ ಹೇಳಿದೆ. “ನೀವು ಓಡಿದ್ರೆ ಅದು ಒದೆಯುತ್ತೆ. ಅಲ್ಲೇ ನಿಲ್ಲಿ.”

ಅವನು ನಿಂತ. ಹೆತ್ತವನಿಗೆ ಅದೆಷ್ಟು ಕಷ್ಟವಾಯಿತೋ. ಹುಡುಗಿ ನನ್ನ ಮುಖ ನೋಡಿದಳು, ಕಾಲಿನ ಕಡೆ ನೋಡಿದಳು, ಕಣ್ಣು ಮುಚ್ಚಿ ತಟ್ಟಿನ ಕುತ್ತಿಗೆಗೆ ಒರಗಿದಳು. ನಾನು ನಡೆದೆ. ಹನ್ನೆರಡು ಹೆಜ್ಜೆ ಇದ್ದೀತು. ಬಲಗಡೆಯಿಂದ ಹೋಗಿ ಹಗ್ಗ ಬಿಚ್ಚಿ, ಮೂತಿಯನ್ನು ಹುಡುಗಿಯ ಕಡೆಗೆ ಒತ್ತಿದೆ. ತಲೆ ಆ ಕಡೆ ತಿರುಗಿದರೆ ಹಿಂಭಾಗ ಈ ಕಡೆ, ನನ್ನ ಕಡೆ ಬರುತ್ತದೆ. ಬರುತ್ತಲೇ ಎಡಗಾಲು ಝಾಡಿಸಿತು. ಅವಳ ಲಂಗದ ಅಂಚು ಹಾರಿತು. ತಗುಲಲಿಲ್ಲ.

“ಈಗ ತಲೆ ಮುಂದಿನಿಂದ ಅಪ್ಪನ ಹತ್ರ ಹೋಗು. ಮೆಲ್ಲಗೆ.”

ಹೋದಳು. ಅವನು ಮಗಳನ್ನು ಅಪ್ಪಿಕೊಂಡು ನೆಲದ ಮೇಲೇ ಕುಳಿತುಬಿಟ್ಟ. ಮುಖ ಅವನದೇ ಮೈದಾಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

ಮೇಡಂ ಕಾಗದ ಹಿಡಿದು ಹೊರಗೆ ಬಂದರು. ಏನೂ ನೋಡಿರಲಿಲ್ಲ. ಏನಾಯಿತೆಂದು ಕೇಳಿದರು. ಬೇಕರಿಯವನು ನನ್ನ ಕಡೆ ನೋಡಿದ. ಕಾಲೆತ್ತಿತು ಎಂದರೆ ಸೂಜಿ. ಏನಿಲ್ಲ ಎಂದರೆ ನಾಳೆ ಆ ಹುಡುಗಿ ತನ್ನ ಹಿತ್ತಲಿನಲ್ಲಿ ಒಬ್ಬಳೇ ಎಡಗಡೆಗೆ ಹೋಗುತ್ತಾಳೆ.

“ಕಾಲೆತ್ತಿತು ಮೇಡಂ. ತಪ್ಪು ಅದರದ್ದಲ್ಲ. ಅರ್ಧ ಕುದುರೆಗೆ ಕಲಿಸಿ ಪೂರಾ ಆಯ್ತು ಅಂದೆ ನಾನು.”

ಎಲ್ಲ ಬಿಡಿಸಿ ಹೇಳಿದೆ. ಅವರು ಕಾಗದ ಮಡಚಿದರು. ಒಂದು ತಿಂಗಳು ಕೊಟ್ಟರು. ತಮ್ಮ ಕಣ್ಣೆದುರು ಎಡಗಡೆ ನಿಂತು ಕಾಲುಗಳನ್ನು ಎತ್ತಿಸಬೇಕು, ಆಗದಿದ್ದರೆ ಸೂಜಿಯೇ, ಆಮೇಲೆ ತಮ್ಮನ್ನು ಏನೂ ಕೇಳಬಾರದು ಎಂದರು. ಬೇಕರಿಯವನು ಮಗಳ ಕೈ ಬಿಡದೆ ಗೇಟಿನವರೆಗೆ ಹೋಗಿ, ತಿರುಗಿ ನಿಂತು ನನಗೆ ಹೇಳಿದ.

“ತಿಂಗಳು ಬಿಟ್ಟು ಬರ್ತೀವಿ ತಾತ. ಮೊದ್ಲು ನಾನು ಮುಟ್ತೀನಿ. ಆಮೇಲೆ ಇವಳು.”

ಮಧ್ಯಾಹ್ನ ತಟ್ಟನ್ನು ಮತ್ತೆ ಅಂಗಳದ ನಡುವೆ ತಂದೆ. ಎಡಗಡೆಗೆ ಹೋಗಿ ನಿಂತೆ. ಕೈ ಚಾಚಿದೆ. ಅದರ ಚರ್ಮ ನೊಣ ಕೂತಂತೆ ಅದುರಿತು, ಗೊರಸು ತುದಿಯ ಮೇಲೆ ನಿಂತಿತು. ಕೈಯನ್ನು ಮುಂದಕ್ಕೂ ಒಯ್ಯಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಗೊರಸು ನೆಲಕ್ಕೆ ಇಳಿಯುವವರೆಗೆ ಹಾಗೇ ಇದ್ದೆ. ಅವತ್ತು ಮುಟ್ಟಲಿಲ್ಲ. ಕೈಗೂ ಮೈಗೂ ನಡುವೆ ನಾಲ್ಕು ಬೆರಳು ಉಳಿದಿತ್ತು. ನಾಳೆ ಅದನ್ನು ಮೂರಕ್ಕೆ ಇಳಿಸಬೇಕು.