ತೊಟ್ಟಿಲಿಗೆ ಕಟ್ಟದ ಮೊಟ್ಟೆ

ಗುಣಿಯನ್ನು ಇನ್ನೊಂದು ಗೇಣು ಆಳಕ್ಕೆ ತೋಡಬೇಕಿತ್ತೇನೋ. ಹಿತ್ತಿಲ ಕರಿಬೇವಿನ ಗಿಡ ದಾಟುವಾಗಲೆಲ್ಲ ಇದೇ ಯೋಚನೆ ಬಂದು ಕಾಲು ನಿಧಾನವಾಗುತ್ತಿತ್ತು. ಡೈರಿಯಲ್ಲೂ ಬರೆಯಲಿಲ್ಲ; ಬರೆದರೆ ಹೂತದ್ದನ್ನು ನಾನೇ ಕೆದಕಿದಂತೆ ಎನಿಸಿತು. ಹೂತಿದ್ದು ಬೇರೇನಲ್ಲ, ಒಂದು ಕೋಳಿಮೊಟ್ಟೆಯ ಚಿಪ್ಪು.

ಡಿಗ್ರಿ ಮುಗಿಸಿ ಮಂಡ್ಯದ ಕಡೆಯ ಕೊಪ್ಪದ ಮನೆಗೆ ಬಂದ ಮೇಲೆ ನನಗೆ ಅಂಟಿದ ಹುಚ್ಚು ಅದು. ಫೋನಿನಲ್ಲಿ ಯಾರೋ ಚಿಪ್ಪಿನ ಮೇಲೆ ಬಳ್ಳಿ ಕೆತ್ತುವುದನ್ನು ನೋಡಿ ಕಲಿತೆ. ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ, ಒಳಗಿನದನ್ನು ಊದಿ ಬಟ್ಟಲಿಗೆ ಇಳಿಸಿ, ಚಿಪ್ಪನ್ನು ತೊಳೆದು ಒಣಗಿಸುವುದು. ಕರಗಿದ ಮೇಣದಲ್ಲಿ ಚಿತ್ರ ಬರೆದು ವಿನೆಗರ್‌ನಲ್ಲಿ ಅದ್ದಿದರೆ, ಮೇಣ ಇಲ್ಲದ ಕಡೆ ಕಂದು ಬಣ್ಣ ಬಿಟ್ಟು ಬಿಳುಪು ಏಳುತ್ತದೆ. ಆಮೇಲೆ ಮೇಣ ತೆಗೆದರೆ ಬರೆದ ಬಳ್ಳಿ ಕಂದಾಗಿಯೇ ಉಳಿದಿರುತ್ತದೆ. ತೂತು ಕೊರೆಯಲು ಬ್ಯೂಟಿ ಪಾರ್ಲರಿನವರು ಉಗುರು ಉಜ್ಜುವ ಪುಟ್ಟ ಮೆಷೀನು. ಸ್ವಲ್ಪ ಒತ್ತಿದರೂ ಪುಡಿ. ನಾಲ್ಕು ಜನರ ಮುಂದೆ ಬಾಯಿ ಬಾರದ ನನಗೆ, ಉಸಿರು ಹಿಡಿದು ಮಾಡುವ ಈ ಕೆಲಸ ಹಿತವಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಚಿಪ್ಪೆಲ್ಲ ಗುಲಾಬಿ ಗಿಡಕ್ಕೆ ಎಂದಿದ್ದೆ. ದಿನಾ ಮೊಟ್ಟೆ ಪಲ್ಯ ತಿಂದು ಸಾಕಾದ ಅಣ್ಣ ಒಮ್ಮೆ, "ಯಾಕವ್ವ, ಈ ಮನೇಲಿ ಮೊಟ್ಟೆ ಬೇಯ್ಸಾದು ಯಾರ್ಗೂ ಬರಾಕಿಲ್ವಾ?" ಎಂದಿದ್ದ.

ಗೊತ್ತಿದ್ದುದು ಪಕ್ಕದ ಮನೆಯ ಮಲ್ಲಿಗಮ್ಮನಿಗೆ ಮಾತ್ರ. ನಮಗೆ ನಾಟಿ ಮೊಟ್ಟೆ ಕೊಡುವವಳು ಅವಳೇ. ಒಂದು ದಿನ ನನ್ನ ಕೋಣೆಯ ಕಿಟಕಿಯಲ್ಲಿ ಇಣುಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ನಂಗೇ ಒಂದು ನೆಟ್ಟಗಿರೋ ಸೀರೆ ಇಲ್ಲ, ಇವ್ಳು ನಮ್ ಕೋಳಿ ಮೊಟ್ಟೆಗೆ ಬುಟ್ಟಾ ಸೀರೆ ಉಡಿಸ್ತಾ ಕುಂತವ್ಳೆ."

"ಯಾರಿಗೂ ಹೇಳ್ಬೇಡಿ," ಎಂದೆ.

"ನಂಗ್ಯಾಕ್ ಮಗ," ಎಂದಳು. ಅಂದಿನಿಂದ ಗಟ್ಟಿ ಚಿಪ್ಪಿನವನ್ನು ನನಗೆಂದೇ ಬೇರೆ ಎತ್ತಿಟ್ಟು ತರುತ್ತಿದ್ದಳು.

ಅಣ್ಣನ ಹೆಂಡತಿ ವೀಣ ಅತ್ತಿಗೆ ಬಸುರಿಯಾದಾಗ, ತೊಟ್ಟಿಲಿಗೆ ಕಟ್ಟಲೆಂದು ಒಂದನ್ನು ಕೆತ್ತಿದೆ. ಎದುರುಬದುರು ಎರಡು ಗುಬ್ಬಿ, ಸುತ್ತ ರಾಗಿ ತೆನೆ, ನಡುವೆಲ್ಲ ಸಣ್ಣ ಸಣ್ಣ ತೂತು. ಕಿಟಕಿಗೆ ಹಿಡಿದರೆ ಬೆಳಕು ಸೋಸಿ ಬಂದು ಗೋಡೆಯ ಮೇಲೆ ಚುಕ್ಕೆ ಬೀಳುತ್ತಿತ್ತು. ಕೆಂಪು ದಾರ ಪೋಣಿಸಿ, ಸೀಮಂತದಲ್ಲಿ ಉಳಿದ ಹಳದಿ ರವಿಕೆ ಕಣದಲ್ಲಿ ಸುತ್ತಿಟ್ಟಿದ್ದೆ.

ಏಳು ತುಂಬಿದಾಗ ಅತ್ತಿಗೆಯನ್ನು ಅವಸರದಲ್ಲಿ ಮಂಡ್ಯಕ್ಕೆ ಕರೆದುಕೊಂಡು ಹೋದರು. ಮಗು ಹುಟ್ಟಿತು, ಉಸಿರಾಡಲಿಲ್ಲ. ಅಣ್ಣ ಅದನ್ನು ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿ ಬಂದು, ಯಾರ ಮುಖವನ್ನೂ ನೋಡದೆ ಕೈಕಾಲು ತೊಳೆದ. ಅತ್ತಿಗೆ ಒಮ್ಮೆ ಏನೋ ಹೇಳಹೊರಟಾಗ ಅವ್ವ, "ಆಗೋಗಿದ್ದು ಆಗೋಯ್ತು ಬುಡವ್ವ," ಎಂದು ಎದ್ದು ಹೋದಳು. ಅಲ್ಲಿಂದೀಚೆಗೆ ಪಾಪು ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಗೆ ತರಲಿಲ್ಲ. ಚಿಪ್ಪನ್ನು ಇಟ್ಟುಕೊಳ್ಳಲೂ ಆಗದೆ, ಕಸಕ್ಕೆ ಹಾಕಲೂ ಮನಸ್ಸು ಬಾರದೆ, ಬಟ್ಟೆಯ ಸಮೇತ ಕರಿಬೇವಿನ ಬುಡದಲ್ಲಿ ಹೂತೆ.

ಮೊನ್ನೆ ಬೆಳಿಗ್ಗೆ ಮಲ್ಲಿಗಮ್ಮನ ಕೋಳಿ ಬಂದು ಅಲ್ಲೇ ಕೆದಕಿತು. ಓಡಿಸಲು ಹೋದ ಅವ್ವ ಕಿರುಚಿಕೊಂಡಳು. ಹಳದಿ ಬಟ್ಟೆ, ಕೆಂಪು ದಾರ, ಗೀರು ತೂತುಗಳ ಮೊಟ್ಟೆ. ಒಂದು ಕಡೆ ಒಡೆದಿತ್ತು. ನಮ್ಮ ಕಡೆ ಇಂಥದ್ದು ಮಣ್ಣಿನಲ್ಲಿ ಸಿಕ್ಕರೆ ಅದು ಮಾಟವೇ, ಕೇಳುವಂತೆಯೇ ಇಲ್ಲ.

ಅಷ್ಟರಲ್ಲಿ ಮಲ್ಲಿಗಮ್ಮ ಕೋಳಿ ಹುಡುಕಿಕೊಂಡು ಬಂದಳು.

"ನಿನ್ ಮೊಟ್ಟೆ, ನಿನ್ ಕೋಳಿ. ಬಸ್ರಿ ಇರೋ ಮನೇಗೆ ಮೊಟ್ಟೆ ಮೊಟ್ಟೆ ಅಂತ ಬತ್ತಿದ್ದದ್ದು ಇದ್ಕೇನಾ?" ಎಂದಳು ಅವ್ವ.

"ಏನ್ ಮಾತು ಅಂತ ಆಡೀಯೆ ಅಂಕಮ್ಮ. ನಿನ್ ಎರಡ್ ಮಕ್ಕಳ್ಗೂ ಎಣ್ಣೆ ನೀರು ಉಯ್ದಿರೋ ಕೈ ಕಣೆ ಇದು."

"ಆ ಕೈಯ ಇನ್ ನಮ್ ವಸ್ಲು ಒಳಕ್ಕೆ ಇಕ್ಬೇಡ."

ಮಲ್ಲಿಗಮ್ಮ ಬಟ್ಟೆಯಲ್ಲಿದ್ದುದನ್ನು ನೋಡಿದಳು. ಗುರುತು ಹತ್ತಿತು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, ಸುಮ್ಮನೆ ಕಾದಳು. ನನ್ನ ನಾಲಿಗೆ ಏಳಲಿಲ್ಲ. ಅವಳು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದಳು. ಹೇಳಬೇಡಿ ಎಂದಿದ್ದೆನಲ್ಲ, ಹೇಳಲಿಲ್ಲ.

ಸುಮ್ಮನಿರಲು ನನಗೊಂದು ನೆವವೂ ಸಿಕ್ಕಿತು. ಎದುರಿಗಿಟ್ಟ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ ಅತ್ತಿಗೆ ಅಂದು ಪೂರ್ತಿ ಉಂಡಳು. "ನನ್ ಮೈಯಲ್ಲೇ ಏನೋ ಐಬು ಅನ್ಕಂಡಿದ್ದೆ ದೀಪು," ಎಂದಳು. "ಅಂಗಾರೆ ನನ್ ತಪ್ಪಲ್ಲ."

ಆ ಸಮಾಧಾನವನ್ನು ಹೇಗೆ ಕಿತ್ತುಕೊಳ್ಳಲಿ? ಆದರೆ ಪಕ್ಕದ ಮನೆಯ ಬಾಗಿಲು ಅಂದಿನಿಂದ ಮುಚ್ಚಿಯೇ ಇತ್ತು. ನಲ್ಲಿ ಹತ್ತಿರ ಮಲ್ಲಿಗಮ್ಮ ಬಂದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ದೂರ ಸರಿಯುತ್ತಾರಂತೆ.

ಇಂದು ಅಣ್ಣ ಹಲಗೂರಿನ ಕಡೆ ಮಾಟ ತೆಗೆಯುವ ಯಾರನ್ನೋ ಕೇಳಿಕೊಂಡು ಬಂದ. ಅದನ್ನು ಸುಡಬೇಕಂತೆ. ಅವ್ವ ಹಿತ್ತಿಲಲ್ಲಿ ಬೆಂಕಿ ಮಾಡಿ, ಉಪ್ಪು, ಒಣಮೆಣಸಿನಕಾಯಿ ತಂದಿಟ್ಟಳು. ಹಳದಿ ಬಟ್ಟೆಯ ಗಂಟನ್ನು ಮುಟ್ಟಲು ಎಲ್ಲರಿಗೂ ಅಂಜಿಕೆ. ಅತ್ತಿಗೆಯೇ ಬಗ್ಗಿ ಬಿಚ್ಚಿ, ಚಿಪ್ಪನ್ನು ಕೈಗೆ ತೆಗೆದುಕೊಂಡಳು.

"ಮುಟ್ಬೇಡ ಕಣವ್ವ," ಎಂದಳು ಅವ್ವ.

ಅತ್ತಿಗೆ ಕೇಳಿಸಿಕೊಳ್ಳಲಿಲ್ಲ. ದಾರ ಹಿಡಿದು ಎತ್ತಿದಳು. ಬಿಸಿಲು ತೂತುಗಳಲ್ಲಿ ಹಾದು, ಚುಕ್ಕೆಗಳು ಅವಳ ಸೀರೆಯ ಮೇಲೆ, ಹೊಟ್ಟೆಯ ಮೇಲೆ ಬಿದ್ದವು.

"ಗುಬ್ಬಿ ಅವೆ ಇಲ್ಲಿ," ಎಂದಳು ಮೆಲ್ಲಗೆ. "ಮಾಟ ಮಾಡೋರು ಗುಬ್ಬಿ ಬರೀತಾರಾ?"

ಬೆಂಕಿಗೆ ಹಾಕಲು ಅವ್ವ ಅದಕ್ಕೆ ಕೈ ಚಾಚಿದಳು.

"ಅತ್ಗೆ," ಎಂದೆ. ಆ ದನಿ ನನಗೇ ಗುರುತು ಸಿಗಲಿಲ್ಲ. "ಪಾಪು ಮಲಕ್ಕಂಡು ನೋಡ್ಲಿ ಅಂತ ನಾನೇ ಕೆತ್ತಿದ್ದು ಅದು."